ಕನ್ನಡದ ಸಾಲು 100 ಬೈಟಿಗೆ ಹಿಡಿಯಲಿಲ್ಲ

ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದ ಸಣ್ಣ ಲೈಬ್ರರಿ ಇದೆ. ಪುಸ್ತಕಗಳ ಪಟ್ಟಿ ಒಂದು ಟೆಕ್ಸ್ಟ್ ಫೈಲಿನಲ್ಲಿತ್ತು, ಸಾಲಿಗೊಂದು ಪುಸ್ತಕ. ಅದನ್ನು ಓದಿ ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಂ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡೆ. ನನಗೆ ಇಷ್ಟವಾದದ್ದು ಸಿ ಭಾಷೆ, ಅದರಲ್ಲೇ ಕೂತೆ.

ಮೊದಲು 100 ಬೈಟಿನ ಬಫರ್ (ಓದಿದ್ದನ್ನು ಇಟ್ಟುಕೊಳ್ಳುವ ಮೆಮೊರಿಯ ಜಾಗ) ಇಟ್ಟು, ಎಫ್‌ಗೆಟ್ಸ್ ಎಂಬ ಫಂಕ್ಷನ್‌ನಿಂದ ಸಾಲು ಓದಿ, ಆ ಬಫರಿನ ವಿಳಾಸವನ್ನೇ ಪಾಯಿಂಟರ್ ಅರೇಗೆ (ವಿಳಾಸಗಳ ಪಟ್ಟಿಗೆ) ಹಾಕುತ್ತಾ ಹೋದೆ. ಪ್ರಿಂಟ್ ಮಾಡಿದರೆ ಎಲ್ಲ ಸಾಲೂ ಕೊನೆಯ ಪುಸ್ತಕವೇ! ಬಫರ್ ಒಂದೇ, ಅದರ ಮೇಲೇ ಮತ್ತೆ ಮತ್ತೆ ಬರೆದಿದ್ದೆ. ಪ್ರತಿ ಸಾಲಿಗೂ ಬೇರೆ ಮ್ಯಾಲಕ್ ಮಾಡಿ (ಹೊಸ ಜಾಗ ಕೇಳಿ ಪಡೆದು) ನಕಲು ಇಟ್ಟ ಮೇಲೆ ಸರಿಹೋಯಿತು. ಸ್ಟ್ರ್‌ಲೆನ್ ಎಣಿಸಿ ಕೊಟ್ಟ ಉದ್ದಕ್ಕೆ 1 ಸೇರಿಸಲೇಬೇಕು, ಸಾಲು ಮುಗಿಯಿತು ಅಂತ ತೋರಿಸುವ ಕೊನೆಯ ಸೊನ್ನೆಗೂ ಜಾಗ ಬೇಕಲ್ವಾ.

ನಿಜವಾದ ತೊಂದರೆ ಆಮೇಲೆ ಗೊತ್ತಾಯಿತು. ಉದ್ದ ಹೆಸರಿನ ಪುಸ್ತಕಗಳು ಎರಡು ತುಂಡಾಗಿ, ಮುರಿದ ಕಡೆ ಪ್ರಶ್ನೆ ಚಿಹ್ನೆಯ ಡಬ್ಬಿಗಳು ಕಾಣುತ್ತಿದ್ದವು. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕ್ಷ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಆದರೆ ಒಳಗೆ ಕ, ವಿರಾಮ (ಅರ್ಧಾಕ್ಷರದ ಗುರುತು), ಷ ಸೇರಿ 9 ಬೈಟ್. 100 ಬೈಟಿನ ಬಫರಿಗೆ ಎಫ್‌ಗೆಟ್ಸ್ 99 ಬೈಟ್ ಮಾತ್ರ ತುಂಬುತ್ತದೆ, ಅಂದರೆ 33 ಸಂಕೇತ, ಅಷ್ಟೇ. ನಡುವೆ ಒಂದೇ ಬೈಟಿನ ಸ್ಪೇಸ್, ಕಾಮಾ ಬಂದರೆ ಕತ್ತರಿ ಅಕ್ಷರದ ಮಧ್ಯಕ್ಕೇ ಬೀಳಬಹುದು.

ಬಫರನ್ನು ಸುಮ್ನೆ 1000 ಮಾಡಿಬಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. 128 ಬೈಟಿನಿಂದ ಶುರು ಮಾಡಿ, ಓದಿದ ತುಂಡಿನ ಕೊನೆಯಲ್ಲಿ ಹೊಸ ಸಾಲಿನ ಗುರುತು ಇಲ್ಲದಿದ್ದರೆ ಪಡೆದ ಜಾಗವನ್ನು ಹಿಗ್ಗಿಸುವ ರಿಯಲಾಕ್‌ನಿಂದ ಅದನ್ನು ಎರಡು ಪಟ್ಟು ಮಾಡಿ, ಹಿಂದಿನದು ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದಕ್ಕೆ ಓದಿಸಿದೆ. ಫೈಲಿನ ಕೊನೆಯ ಸಾಲಿಗೆ ಆ ಗುರುತು ಇಲ್ಲದೇ ಇರಬಹುದು, ಅದನ್ನು ಬಿಟ್ಟುಬಿಡಬೇಡಿ. ಪಾಯಿಂಟರ್ ಅರೇಯನ್ನೂ ಹೀಗೇ 16ರಿಂದ ಬೆಳೆಸಿದೆ. ರಿಯಲಾಕ್ ಕೊಟ್ಟದ್ದನ್ನು ಮೊದಲು ಬೇರೆ ಪಾಯಿಂಟರಿನಲ್ಲಿ ಇಟ್ಟುಕೊಳ್ಳಿ: ಅದು ನಲ್ ಆದರೆ (ಜಾಗ ಸಿಗದಿದ್ದರೆ) ಹಳೆಯ ಜಾಗ ಇನ್ನೂ ಹಾಗೇ ಇರುತ್ತದೆ, ವಿಳಾಸ ಕಳೆದುಕೊಂಡರೆ ಓದಿದ್ದೆಲ್ಲ ಹೋಯಿತು.

ಲಿನಕ್ಸ್‌ನಲ್ಲಿ ಗೆಟ್‌ಲೈನ್ ಎಂಬ ಫಂಕ್ಷನ್ ಇದನ್ನೆಲ್ಲ ತಾನೇ ಮಾಡುತ್ತದೆ. ಬಳಗದ ಕಂಪ್ಯೂಟರ್ ವಿಂಡೋಸ್, ಅಲ್ಲಿನ ವಿಷುಯಲ್ ಸ್ಟುಡಿಯೋದಲ್ಲಿ ಅದಿಲ್ಲ.

ಕೊನೆಗೆ ಮೊದಲು ಸಾಲುಗಳು, ಆಮೇಲೆ ಅರೇ, ಈ ಕ್ರಮದಲ್ಲಿ ಫ್ರೀ ಮಾಡಿದೆ (ಪಡೆದ ಜಾಗ ಹಿಂದಿರುಗಿಸಿದೆ). ಮನೆಯಲ್ಲಿ ಮೆಮೊರಿ ಸೋರಿಕೆ ಹುಡುಕುವ ವಾಲ್‌ಗ್ರೈಂಡ್ ಹಾಕಿ ನೋಡಿದೆ, ಒಂದು ಬೈಟೂ ಸೋರಿರಲಿಲ್ಲ. ಆದರೂ ಪಟ್ಟಿಯ ಮೊದಲ ಪುಸ್ತಕ ಮಾತ್ರ ಜೋಡಿಸಿದ ಮೇಲೆ ಕಟ್ಟಕಡೆಗೆ ಹೋಗಿ ಕೂರುತ್ತಿತ್ತು. ನೋಟ್‌ಪ್ಯಾಡ್ ಫೈಲಿನ ತಲೆಗೆ ಕಣ್ಣಿಗೆ ಕಾಣದ 3 ಬೈಟ್ ಸೇರಿಸಿತ್ತು, ಜೋಡಿಸುವಾಗ ಅವು ಕನ್ನಡದ ಅಕ್ಷರಗಳ ನಂತರ ಬರುತ್ತವೆ. ಅದನ್ನು ಹಾರಿಸಿ ಓದಿಸಿದೆ, ಪುಸ್ತಕ ತನ್ನ ಜಾಗಕ್ಕೆ ಬಂತು.