‘ಅಹೆಡ್ ಆಫ್ ದ ಕರ್ವ್’ ಕನ್ನಡಕ್ಕೆ ಬಂದ ದಾರಿ

2022ರ ಏಪ್ರಿಲ್‌ನಲ್ಲಿ ನಾನು ವಾಣಿಜ್ಯ ಪುಟಕ್ಕೆ ಸುದ್ದಿ ಅನುವಾದಿಸುತ್ತಿದ್ದೆ. ಮಾರ್ಚ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ 6.95 ಎಂಬ ಅಂಕಿ ಬಂದಿತ್ತು. ಆರ್‌ಬಿಐಗೆ ಹಾಕಿರುವ ಗರಿಷ್ಠ ಮಿತಿ ಶೇ 6. ಬೆಲೆ ಏರಿಕೆಗೆ ಕಡಿವಾಣ ಹಾಕಲು ಏರಿಸುವ ರೆಪೊ ದರ (ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿದರ) ಮಾತ್ರ 2020ರ ಮೇ ತಿಂಗಳಿಂದ ಶೇ 4ರಲ್ಲೇ ನಿಂತಿತ್ತು. ಇಂಗ್ಲಿಷ್ ಬರಹಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದ ಟೀಕೆ ಒಂದೇ: ಆರ್‌ಬಿಐ ‘ಬಿಹೈಂಡ್ ದ ಕರ್ವ್’. ‘ಅಹೆಡ್ ಆಫ್ ದ ಕರ್ವ್’ ಎಂಬ ಹೊಗಳಿಕೆಗೆ ಇದು ವಿರುದ್ಧ ಮಾತು. ನಾನು ‘ವಕ್ರರೇಖೆಗಿಂತ ಹಿಂದಿದೆ’ ಎಂದು ಬರೆದೆ.

ಪುಟ ನೋಡುತ್ತಿದ್ದ ಹಿರಿಯರು ಕರೆದು, ‘ಓದುವವರಿಗೆ ಇದರಿಂದ ಏನು ತಿಳಿಯುತ್ತೆ, ಹೇಳಿ’ ಎಂದರು. ‘ಹಿಂದೆ ಬಿದ್ದಿದೆ’ ಎಂದು ತಿದ್ದಿ ಕೊಟ್ಟೆ. ‘ಯಾರಿಗಿಂತ?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ರಾತ್ರಿಯೆಲ್ಲ ಅದೇ ಯೋಚನೆ. ಇಲ್ಲಿ ಓಟದ ಪಂದ್ಯವೇ ಇಲ್ಲ. ಆ ರೇಖೆ ಏರುತ್ತಿರುವ ಬದಲಾವಣೆ: ಬೆಲೆ, ಬೇಡಿಕೆ, ತಂತ್ರಜ್ಞಾನ, ಏನಾದರೂ ಆಗಬಹುದು. ಹೆಚ್ಚಿನವರು ಅದು ಏರಿದಂತೆ ಏರುತ್ತಾರೆ. ಏರುವ ಮೊದಲೇ ಕೆಲಸಕ್ಕಿಳಿದವರು ‘ಅಹೆಡ್’, ಏರಿದ ಮೇಲೆ ಎದ್ದವರು ‘ಬಿಹೈಂಡ್’. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತೇವಲ್ಲ, ಆ ಟೀಕೆಯ ಹುರುಳು ಅದೇ. ಮಾರನೆಯ ದಿನ ‘ತಡಮಾಡಿದೆ’ ಎಂದಷ್ಟೇ ಬರೆದೆ. ಹಿರಿಯರು ಒಪ್ಪಿದರು. ಮೇ 4ರಂದು ನಿಗದಿತ ಸಭೆಗೆ ಕಾಯದೆ ರೆಪೊ ದರವನ್ನು ಶೇ 4.40ಕ್ಕೆ ಏರಿಸಲಾಯಿತು. ಆಮೇಲೂ ಟೀಕೆ ನಿಲ್ಲಲಿಲ್ಲ. ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅದನ್ನು ಅಲ್ಲಗಳೆದಾಗ ‘ತಡಮಾಡಿಲ್ಲ’ ಎಂಬ ಪದ ಕೈಗೆ ಸಿದ್ಧವಾಗಿತ್ತು.

ನನಗೆ ಕನ್ನಡವೇ ದಾರಿ ತೋರಿಸಿದ್ದು ಒಂದು ಸಣ್ಣ ಪದದಲ್ಲಿ. ‘ಮುನ್’ ಎಂಬುದರೊಳಗೆ ಜಾಗವೂ ಇದೆ, ಕಾಲವೂ ಇದೆ. ಮುನ್ನಡೆ ಜಾಗದ್ದು, ಮುಂಗಾರು, ಮುಂಗಡ, ಮುನ್ನೆಚ್ಚರಿಕೆ ಕಾಲದವು. ಈ ನುಡಿಗಟ್ಟು ಬಂದಾಗಲೆಲ್ಲ ನಾವು ಅಭ್ಯಾಸಬಲದಿಂದ ‘ಮುಂದೆ’ ಎನ್ನುತ್ತೇವೆ. ಬೇಕಾದದ್ದು ‘ಮುಂಚೆ’.

ಹಾಗಾಗಿ ಪರೀಕ್ಷೆಯಲ್ಲಿ ತರಗತಿಗೆ ಮೊದಲಿಗಳಾಗಿ ಬಂದ ಹುಡುಗಿಗೆ ‘ಅಹೆಡ್ ಆಫ್ ದ ಕರ್ವ್’ ಎಂಬ ಮಾತು ಒಪ್ಪುವುದಿಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಒಯ್ದ ಮೈಸೂರು ಸಂಸ್ಥಾನಕ್ಕೆ ಚೆನ್ನಾಗಿ ಒಪ್ಪುತ್ತದೆ: ಉಳಿದವರೂ ಬರಲಿದ್ದ ದಾರಿಗೆ ಅದು ಮುಂಚೆಯೇ ಇಳಿದಿತ್ತು. ‘ಅಹೆಡ್ ಆಫ್ ಇಟ್ಸ್ ಟೈಮ್’ ಬೇರೆ. ಕಾಲವಿನ್ನೂ ಪಕ್ವವಾಗದೆ, ಜನಕ್ಕೆ ಅರ್ಥವಾಗದೆ ಉಳಿದದ್ದಕ್ಕೆ ಆ ಮಾತು. ಅದರಲ್ಲಿ ತುಸು ನೋವಿದೆ. ‘ಸ್ಟ್ರೀಟ್ಸ್ ಅಹೆಡ್’ ಬ್ರಿಟಿಷರ ಬಳಕೆ, ಬರೀ ಗುಣದ ಹೋಲಿಕೆ. ‘ಎಷ್ಟೋ ಪಾಲು ಮೇಲು’ ಎಂದರೆ ಮುಗಿಯಿತು.

ವ್ಯಕ್ತಿಯನ್ನು ಹೊಗಳುವಾಗ ಹಲವರು ‘ಅಹೆಡ್ ಆಫ್ ದ ಕರ್ವ್’ ಎಂಬುದನ್ನು ‘ದೂರದೃಷ್ಟಿಯುಳ್ಳವರು’ ಎಂದು ಅನುವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಕಂಡೂ ಕೈಕಟ್ಟಿ ಕೂತವರನ್ನು ಇಂಗ್ಲಿಷ್ ಹಾಗೆ ಹೊಗಳುವುದಿಲ್ಲ. ‘ಎಲ್ಲರಿಗಿಂತ ಮುಂಚೆಯೇ ಶುರುಮಾಡಿದವರು’ ಎಂದು ಬರೆಯುತ್ತೇನೆ. ಎರಡು ಪದ ಹೆಚ್ಚಾದರೂ ಪುಟದಲ್ಲಿ ಅದಕ್ಕೆ ಜಾಗ ಮಾಡಿಕೊಳ್ಳುತ್ತೇನೆ.