ಚೆಂಡನ್ನು ಬಿಟ್ಟು ಪಾದ ನೋಡಿ: ಡ್ರಾಫ್ಟ್‌ಗೆ ಬರುವ ಲೈನ್‌ಮನ್‌ನನ್ನು ಅಳೆಯುವ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರು ಲೈನ್‌ಮನ್‌ಗಳ ಹೆಸರು ಕೇಳಿದರೆ ಕಟ್ಟಾ ಅಭಿಮಾನಿಗಳೂ ತಡವರಿಸುತ್ತಾರೆ. ನಡುವೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್‌ಗಳು, ಎರಡು ತುದಿಗಳಲ್ಲಿ ಟ್ಯಾಕಲ್‌ಗಳು. ಓಡುವವನಿಗೆ ದಾರಿ ಬಿಡಿಸುವುದು, ಎಸೆಯುವವನಿಗೆ ಎರಡೂವರೆ ಮೂರು ಸೆಕೆಂಡು ಉಸಿರಾಡಲು ಬಿಡುವು ಗಳಿಸಿಕೊಡುವುದು, ಇಷ್ಟೇ ಇವರ ಕೆಲಸ. ಪ್ರತಿ ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ 32 ತಂಡಗಳು ಕಾಲೇಜು ಆಟಗಾರರನ್ನು ಏಳು ಸುತ್ತುಗಳ ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುವಾಗ ಅತಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದ ಆಟಗಾರರೂ ಇವರೇ ಎಂಬುದು ನನ್ನ ನಂಬಿಕೆ. ಏಕೆಂದರೆ ಇವರ ಆಟಕ್ಕೆ ರನ್, ವಿಕೆಟ್‌ನಂತಹ ಲೆಕ್ಕವಿಲ್ಲ. ಕಣ್ಣಿನಿಂದಲೇ ತೂಗಬೇಕು. ಆ ಕಣ್ಣನ್ನು ಪಳಗಿಸಿಕೊಳ್ಳಲು ಸಾಧ್ಯವಿದೆ.

ಮೊದಲು ದೃಶ್ಯ ಸರಿಯಾಗಿರಬೇಕು. ಟಿವಿ ಪ್ರಸಾರದ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಲೈನ್‌ಮನ್ ಚೌಕಟ್ಟಿನಿಂದ ಹೊರಗುಳಿಯುತ್ತಾನೆ. ತರಬೇತುದಾರರು ನೋಡುವುದು 22 ಆಟಗಾರರೂ ಕಾಣುವ ಚಿತ್ರಿಕೆಯನ್ನು, ಅದರಲ್ಲೂ ಗೋಲ್ ಕಂಬಗಳ ಹಿಂದಿನಿಂದ ತೆಗೆದದ್ದನ್ನು. ಅದು ಸಿಗದಿದ್ದರೆ ಟಿವಿಯ ಮರುಪ್ರದರ್ಶನದಲ್ಲಿ ಹಿಂದಿನ ಕೋನ ಬಂದಾಗಲೆಲ್ಲ ನಿಲ್ಲಿಸಿ ನೋಡಿ. ಒಬ್ಬ ಆಟಗಾರನಿಗೆ ಕನಿಷ್ಠ ಮೂರು ಪಂದ್ಯ ಕೊಡಿ. ಅವುಗಳಲ್ಲಿ ಒಂದು ಪಂದ್ಯದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗುವವರಲ್ಲಿ ಆ ವರ್ಷದ ಅತ್ಯುತ್ತಮ ದಾಳಿಕಾರನಾಗಿರಲಿ. ರಶಾನ್ ಸ್ಲೇಟರ್ ಎಂಬ ಟ್ಯಾಕಲ್‌ನ ಹೆಸರು ಮೇಲೇರಿದ್ದು 2019ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪರ ಆಡುತ್ತ ಓಹಾಯೊ ಸ್ಟೇಟ್‌ನ ಚೇಸ್ ಯಂಗ್ ಅವರನ್ನು ಎದುರಿಸಿದ ಬಗೆಯಿಂದ. ಮರುವರ್ಷ ಅವರು ಆಡಲೇ ಇಲ್ಲ. ಆದರೂ 2021ರ ಡ್ರಾಫ್ಟ್‌ನಲ್ಲಿ 13ನೆಯವರಾಗಿ ಆಯ್ಕೆಯಾದರು.

ಈಗ ಪ್ರತಿ ಆಟದ ತುಣುಕನ್ನು, ಅಂದರೆ ಪ್ರತಿ ಸ್ನ್ಯಾಪನ್ನು, ಮೂರು ಸಲ ನೋಡಿ. ಮೊದಲ ಸಲ ಪಾದ ಮಾತ್ರ.

ಎಡತುದಿಯ ಟ್ಯಾಕಲ್‌ನನ್ನೇ ತೆಗೆದುಕೊಳ್ಳೋಣ. ಚೆಂಡು ಹಿಂದಕ್ಕೆ ಸರಿದೊಡನೆ ಅವನ ಎಡಗಾಲು ಓರೆಯಾಗಿ ಹಿಂದೆ ಜಾರಬೇಕು, ಬಲಗಾಲು ನೆಲ ಸವರುತ್ತ ಅದನ್ನು ಹಿಂಬಾಲಿಸಬೇಕು. ಮೊದಲ ಹೆಜ್ಜೆಯಲ್ಲಿ ಎರಡು ಪಾದಗಳ ನಡುವೆ ಎಷ್ಟು ಅಂತರವಿತ್ತೋ ನಾಲ್ಕನೆಯ ಹೆಜ್ಜೆಯಲ್ಲೂ ಸುಮಾರು ಅಷ್ಟೇ ಉಳಿಯಬೇಕು. ಪಾದಗಳು ಒಂದಕ್ಕೊಂದು ತಾಗಿದ ಕ್ಷಣದಲ್ಲಿ ನೂರೈವತ್ತು ಕಿಲೋ ತೂಗುವವನನ್ನೂ ಬದಿಗೆ ತಳ್ಳಬಹುದು. ಎದುರಾಳಿ ಹೊರಸುತ್ತಿನಿಂದ ಓಡಿಬರುತ್ತಾನೆಂಬ ಭಯಕ್ಕೆ ಸೊಂಟವನ್ನು ಬೇಗನೆ ಹೊರಕ್ಕೆ ತಿರುಗಿಸಿದನೋ, ಒಳಗಡೆ ಬಾಗಿಲು ತೆರೆದಂತೆ. ಜಾಣ ದಾಳಿಕಾರ ಅದಕ್ಕಾಗಿಯೇ ಕಾಯುತ್ತಿರುತ್ತಾನೆ. ಮಂಡಿ ಮಡಚಿದ್ದಾನೆಯೇ, ಬೆನ್ನು ಬಗ್ಗಿಸಿದ್ದಾನೆಯೇ ಎಂಬುದನ್ನೂ ಗಮನಿಸಿ. ಗರಡಿಮನೆ ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ. ಮಂಡಿ ಮಡಚಿದವನು ಹಿಂದೆ ಜರುಗಿದರೂ ಮತ್ತೆ ಊರಿಕೊಳ್ಳುತ್ತಾನೆ, ಬೆನ್ನು ಬಗ್ಗಿಸಿದವನು ಮುಂದಕ್ಕೆ ಮುಗ್ಗರಿಸುತ್ತಾನೆ.

ಎರಡನೆಯ ಸಲ ಕೈಗಳು. ಅಂಗೈಗಳು ಎದುರಾಳಿಯ ಎದೆಯ ಮೇಲೆ, ತೋಳುಗಳ ಒಳಗೆ ಬೀಳಬೇಕು. ಹೊರಗೆ ಬಿದ್ದ ಕೈ ಅಂಗಿ ಹಿಡಿಯುತ್ತದೆ, ಅಂಗಿ ಹಿಡಿದರೆ ಹತ್ತು ಗಜ ದಂಡ. ಎರಡೂ ಕೈಗಳನ್ನು ಒಟ್ಟಿಗೆ ಚಾಚುವವನಿಗಿಂತ ಒಂದನ್ನು ಚಾಚಿ ಇನ್ನೊಂದನ್ನು ಕಾದಿರಿಸಿಕೊಳ್ಳುವವನು ಮೇಲು. ಮೂರನೆಯ ಸಲ ತಲೆ ಎತ್ತ ತಿರುಗುತ್ತದೆ ನೋಡಿ. ದಾಳಿಯ ಇಬ್ಬರು ಜಾಗ ಅದಲುಬದಲು ಮಾಡಿಕೊಂಡು ನುಗ್ಗಿದಾಗ ಒಳ್ಳೆಯ ಲೈನ್‌ಮನ್ ತನ್ನವನನ್ನು ಪಕ್ಕದವನಿಗೆ ದಾಟಿಸಿ, ಬರುವವನಿಗಾಗಿ ಕಾದು ನಿಂತಿರುತ್ತಾನೆ.

ಈ ಮೂರಕ್ಕಿಂತ ದೊಡ್ಡದು ಇನ್ನೊಂದಿದೆ. ನನ್ನ ನೋಟ್‌ಬುಕ್‌ನಲ್ಲಿ ಅದಕ್ಕೆ ಪ್ರತ್ಯೇಕ ಪುಟವೇ ಇದೆ: ಸೋತ ಸ್ನ್ಯಾಪ್‌ಗಳು. ಗೆದ್ದಾಗ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ, ಎದುರಾಳಿ ದುರ್ಬಲನಾಗಿದ್ದರೆ ಇನ್ನೂ ಚೆನ್ನಾಗಿ. ಮೊದಲ ಹೊಡೆತಕ್ಕೆ ಸಮತೋಲ ತಪ್ಪಿದ ಮೇಲಿನ ಅರ್ಧ ಸೆಕೆಂಡನ್ನು ನೋಡಿ. ಕಾಲು ಇನ್ನೂ ಚಲಿಸುತ್ತಿದೆಯೇ? ಕೈ ಮತ್ತೆ ಒಳಗಿನ ಜಾಗ ಹುಡುಕುತ್ತಿದೆಯೇ? ಎದುರಾಳಿಯನ್ನು ಕ್ವಾರ್ಟರ್‌ಬ್ಯಾಕ್‌ನ ಹಿಂದಿನಿಂದ ಹಾಯಿಸಿ ಸುತ್ತಿ ಕಳುಹಿಸುವಷ್ಟು ಉಸಿರು ಉಳಿದಿದೆಯೇ? ಸೋತ ಹತ್ತು ಸಂದರ್ಭಗಳಲ್ಲಿ ಆರರಲ್ಲಿ ಹೀಗೆ ಚೇತರಿಸಿಕೊಂಡವನ ಹೆಸರನ್ನು ನಾನು ಪಟ್ಟಿಯಲ್ಲಿ ಮೇಲಕ್ಕೆ ಒಯ್ಯುತ್ತೇನೆ. ವೃತ್ತಿಪರ ಆಟದಲ್ಲಿ ಪ್ರತಿ ವಾರವೂ ಬಲಿಷ್ಠನೇ ಎದುರು ಬರುತ್ತಾನೆ, ಮೊದಲ ಹೊಡೆತ ಅವನದೇ ಆಗುವ ದಿನಗಳು ಬಂದೇ ಬರುತ್ತವೆ. ಸೋತದ್ದು ಏಕೆ ಎಂದೂ ಬರೆದುಕೊಳ್ಳಿ. ತಂತ್ರ ತಪ್ಪಿ ಸೋತವನನ್ನು ತಿದ್ದಬಹುದು. ತಂತ್ರ ಸರಿಯಿದ್ದೂ ಕಾಲು ಸಾಲದೆ ಸೋತವನಿಗೆ ತರಬೇತುದಾರ ಹೊಸ ಕಾಲು ಕೊಡಲಾರ.

ನಂತರ ಕಾಲೇಜು ತಂಡದ ಪದ್ಧತಿಯನ್ನು ಕಳೆದು ನೋಡಬೇಕು. ಕಾಲೇಜು ಆಟದಲ್ಲಿ ಪಾಸ್ ಎಸೆಯುವ ಮುನ್ನ ಲೈನ್‌ಮನ್ ಚೆಂಡಿದ್ದ ಗೆರೆಯಿಂದ ಮೂರು ಗಜ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಹಾಗಾಗಿ ಕಾಲೇಜಿನಲ್ಲಿ ಅನೇಕರು ಮುಂದಕ್ಕೆ ನುಗ್ಗುವುದನ್ನಷ್ಟೇ ಕಲಿತು, ಹಿಂದೆ ಸರಿಯುತ್ತ ಕಾಪಾಡುವುದನ್ನು ಕಲಿಯದೆ ಬರುತ್ತಾರೆ. 2014ರಲ್ಲಿ ಗ್ರೆಗ್ ರಾಬಿನ್‌ಸನ್ ಎರಡನೆಯ ಆಯ್ಕೆಯಾಗಿ ರಾಮ್ಸ್ ತಂಡ ಸೇರಿದರು. ಆಬರ್ನ್ ವಿಶ್ವವಿದ್ಯಾಲಯದ ಓಟಪ್ರಧಾನ ಆಟದಲ್ಲಿ ಅವರು ಎದುರಾಳಿಗಳನ್ನು ನೆಲಕ್ಕೆ ಕೆಡವುತ್ತಿದ್ದ ದೃಶ್ಯಗಳು ಮೈನವಿರೇಳಿಸುತ್ತಿದ್ದವು. ಪಾಸ್ ಕಾಪಾಡುವಲ್ಲಿ ಅವರು ಕೊನೆಗೂ ನೆಲೆ ನಿಲ್ಲಲಿಲ್ಲ, 2017ರಲ್ಲಿ ರಾಮ್ಸ್ ಅವರನ್ನು ಬಿಟ್ಟುಕೊಟ್ಟಿತು. 2014ರಲ್ಲೇ 16ನೆಯವರಾಗಿ ಡಲ್ಲಾಸ್‌ಗೆ ಹೋದ ಜ್ಯಾಕ್ ಮಾರ್ಟಿನ್ ನೋಟರ್ ಡೇಮ್‌ನಲ್ಲಿ ಟ್ಯಾಕಲ್ ಆಗಿದ್ದವರು. ತೋಳು ಗಿಡ್ಡವೆಂದು ಒಳಗಿನ ಗಾರ್ಡ್ ಸ್ಥಾನಕ್ಕೆ ಬಂದರು, ಋತುವಿನ ಶ್ರೇಷ್ಠ ಆಟಗಾರರಿಗೆ ಸಲ್ಲುವ ಗೌರವವಾದ ಪ್ರೊ ಬೌಲ್‌ಗೆ ಒಂಬತ್ತು ಸಲ ಆಯ್ಕೆಯಾದರು. ಆಟಗಾರ ಒಳ್ಳೆಯವನೇ ಎಂಬ ಪ್ರಶ್ನೆಯ ಜೊತೆಗೇ ಐದರಲ್ಲಿ ಯಾವ ಸ್ಥಾನಕ್ಕೆ ಎಂದೂ ಕೇಳಿಕೊಳ್ಳಬೇಕು.

ಅಳತೆಪಟ್ಟಿ ಹೊರಗೆ ಬರಬೇಕಾದದ್ದು ಇಷ್ಟೆಲ್ಲ ಆದ ಮೇಲೆ. ಚಳಿಗಾಲದ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷೆಯಲ್ಲಿ ಎತ್ತರ, ತೂಕ, ತೋಳು, ಜಿಗಿತ, 40 ಗಜದ ಓಟ, 102 ಕಿಲೋ ಭಾರ ಎತ್ತುವಿಕೆ ಎಲ್ಲವನ್ನೂ ದಾಖಲಿಸುತ್ತಾರೆ. ಲೈನ್‌ಮನ್‌ಗೆ 40 ಗಜ ಓಡುವ ಪ್ರಸಂಗ ಬರುವುದೇ ಅಪರೂಪ. ಮೊದಲ 10 ಗಜದ ಸಮಯ ಮತ್ತು ನಿಂತಲ್ಲಿಂದ ಮುಂದಕ್ಕೆ ಹಾರುವ ದೂರ ಹೆಚ್ಚು ಹೇಳುತ್ತವೆ. ತೋಳಿನ ಬಗ್ಗೆ ಮಾತ್ರ ಜಗಳ ಮುಗಿಯುವುದಿಲ್ಲ. ಟ್ಯಾಕಲ್‌ಗೆ 33 ಇಂಚು ಬೇಕೆನ್ನುವುದು ಹಳೆಯ ಮಾತು, ಮತ್ತು ಉದ್ದ ತೋಳಿನವನು ಮೊದಲು ಮುಟ್ಟುತ್ತಾನೆ ಎಂಬುದೂ ನಿಜ. ಆದರೆ 2025ರಲ್ಲಿ ಎಲ್‌ಎಸ್‌ಯು, ಅಂದರೆ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ವಿಲ್ ಕ್ಯಾಂಪ್‌ಬೆಲ್ ಅವರ ತೋಳು ಕಂಬೈನ್‌ನಲ್ಲಿ 32⅝ ಇಂಚು ಬಂತು, ಅವರದೇ ಕಾಲೇಜಿನಲ್ಲಿ ಮತ್ತೆ ಅಳೆದಾಗ 33 ಬಂತು. ಒಂದು ಸೆಂಟಿಮೀಟರೂ ತುಂಬದ ಈ ವ್ಯತ್ಯಾಸದ ಮೇಲೆ ವಾರಗಟ್ಟಲೆ ಚರ್ಚೆ ನಡೆಯಿತು. ನ್ಯೂ ಇಂಗ್ಲೆಂಡ್ ತಂಡ ಅವರನ್ನು ನಾಲ್ಕನೆಯವರಾಗಿ ಆರಿಸಿಕೊಂಡಿತು.

ಅಂಕಿಗಳು ಎರಡೂ ಕಡೆ ದಾರಿ ತಪ್ಪಿಸಿವೆ. 1989ರಲ್ಲಿ ಗ್ರೀನ್ ಬೇ ತಂಡ ಟೋನಿ ಮ್ಯಾಂಡರಿಚ್ ಅವರ ಮೈಕಟ್ಟು, ವೇಗಕ್ಕೆ ಮಾರುಹೋಗಿ ಎರಡನೆಯ ಆಯ್ಕೆಯನ್ನು ಕೊಟ್ಟಿತು. ಮೂರನೆಯವರಾಗಿ ಹೋದವರು ಮುಂದೆ ದಿಗ್ಗಜ ಓಟಗಾರರೆನಿಸಿದ ಬ್ಯಾರಿ ಸ್ಯಾಂಡರ್ಸ್. ಮ್ಯಾಂಡರಿಚ್ ಸ್ಟೀರಾಯ್ಡ್ ಬಳಸಿದ್ದನ್ನು ಮುಂದೆ ತಾವೇ ಒಪ್ಪಿಕೊಂಡರು. 2018ರಲ್ಲಿ ಆರ್ಲ್ಯಾಂಡೊ ಬ್ರೌನ್ ಜೂನಿಯರ್ ಭಾರವನ್ನು 14 ಸಲವಷ್ಟೇ ಎತ್ತಿ, 40 ಗಜಕ್ಕೆ 5.85 ಸೆಕೆಂಡು ತೆಗೆದುಕೊಂಡು ಮೂರನೆಯ ಸುತ್ತಿಗೆ ಜಾರಿದರು. 2019ರಿಂದ ಸತತ ನಾಲ್ಕು ಸಲ ಪ್ರೊ ಬೌಲ್‌ಗೆ ಆಯ್ಕೆಯಾದರು. ಇನ್ನು ಟ್ರಿಸ್ಟನ್ ವರ್ಫ್ಸ್ ಅವರದು ಅಂಕಿ ಮತ್ತು ಆಟ ಕೈಹಿಡಿದು ನಡೆದ ಉದಾಹರಣೆ. ಹೈಸ್ಕೂಲಿನಲ್ಲಿ ಅಯೋವಾದ ಹೆವಿವೇಟ್ ಕುಸ್ತಿ ಪ್ರಶಸ್ತಿ ಗೆದ್ದವರು, 2020ರ ಕಂಬೈನ್‌ನಲ್ಲಿ ನಿಂತಲ್ಲೇ 36.5 ಇಂಚು ಮೇಲೆ ಜಿಗಿದವರು. ಆದರೂ ಅವರಿಗಿಂತ ಮೊದಲು ಮೂವರು ಟ್ಯಾಕಲ್‌ಗಳು ಆಯ್ಕೆಯಾದರು. ಕುಸ್ತಿ ಆಡಿದ ಲೈನ್‌ಮನ್ ಎಂದರೆ ನಾನು ಇನ್ನೊಂದು ಪಂದ್ಯ ಹೆಚ್ಚು ನೋಡುತ್ತೇನೆ, ತೂಕವನ್ನು ಎಲ್ಲಿ ಇಡಬೇಕೆಂಬುದು ಅವನ ಮೈಗೇ ಗೊತ್ತಿರುತ್ತದೆ.

ಮಂಡಿ, ಭುಜ, ಬೆನ್ನಿನ ಗಾಯಗಳ ವಿವರ ತಂಡದ ವೈದ್ಯರ ಕೈಯಲ್ಲಿರುತ್ತದೆ. ನಮಗೆ ಸಿಗುವುದು ಯಾವ ಪಂದ್ಯಗಳನ್ನು ತಪ್ಪಿಸಿಕೊಂಡ ಎಂಬುದಷ್ಟೇ. ಅದನ್ನು ಗುರುತು ಮಾಡಿಕೊಂಡರೆ ಸಾಕು.

ಕೊನೆಗೆ ಬರೆಯುವ ಕೆಲಸ. ಪ್ರತಿ ಹೆಸರಿನ ಕೆಳಗೆ ಮೂರೇ ಸಾಲು: ಯಾವ ಸ್ಥಾನ, ಮೊದಲ ವರ್ಷವೇ ಆಡಬಲ್ಲನೇ, ಸೋತಾಗ ಏನು ಮಾಡುತ್ತಾನೆ. 2011ರಲ್ಲಿ ಜೇಸನ್ ಕೆಲ್ಸಿ ಎಂಬ ಸೆಂಟರ್ ತೂಕ ಸಾಲದೆಂಬ ಕಾರಣಕ್ಕೆ ಆರನೆಯ ಸುತ್ತಿನವರೆಗೆ, 191ನೆಯ ಆಯ್ಕೆಯವರೆಗೆ ಕಾದರು. ಫಿಲಡೆಲ್ಫಿಯಾ ಆರಿಸಿಕೊಂಡಿತು. ಮೊದಲ ವರ್ಷವೇ ಆರಂಭಿಕ ಸೆಂಟರ್ ಆದವರು 13 ಋತು ಅಲ್ಲೇ ಆಡಿ 2024ರಲ್ಲಿ ನಿವೃತ್ತರಾದರು. ತೂಕದ ಅಂಕಣವನ್ನು ಮುಚ್ಚಿಟ್ಟು ಅವರ ಕಾಲೇಜು ದಿನಗಳ ಪಂದ್ಯವೊಂದನ್ನು ಈಗ ಹುಡುಕಿ ನೋಡಿ, ಆ ಮೂರು ಸಾಲನ್ನು ತುಂಬಿ ಅಭ್ಯಾಸ ಆರಂಭಿಸಿ.