ತಪಸ್ಸುಕಾಲದ ಸೇವಾಕಾರ್ಯ: ಮಲೆನಾಡಿನ ಧರ್ಮಕೇಂದ್ರವೊಂದು ತಯಾರಾಗುವ ಬಗೆ

ವಿಭೂತಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗಿನ ಅವಧಿಯಲ್ಲಿ ಭಾನುವಾರಗಳನ್ನು ಕಳೆದು ಉಳಿಯುವ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ (ಪ್ಯಾರಿಷ್‌ಗಳಲ್ಲಿ) ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಯೇಸುವಿನ ಶಿಲುಬೆಯ ದಾರಿಯನ್ನು ಹದಿನಾಲ್ಕು ಸ್ಥಳಗಳಲ್ಲಿ ನೆನೆಯುವ ಶುಕ್ರವಾರದ ಶಿಲುಬೆ ಹಾದಿ, ಧ್ಯಾನಕೂಟ, ಪಾಪನಿವೇದನೆ, ಯುವಜನರ ಶ್ರಮದಾನ, ಮಹಿಳಾ ಸಂಘದವರ ಆಸ್ಪತ್ರೆ ಭೇಟಿ, ವೃದ್ಧಾಶ್ರಮಕ್ಕೊಂದು ಊಟ, ಕೊನೆಯಲ್ಲಿ ಹುಂಡಿ. ಇವೆಲ್ಲವೂ ಒಳ್ಳೆಯವೇ. ಆದರೆ ಒಂದಕ್ಕೊಂದು ಸಂಬಂಧವಿಲ್ಲದೆ ನಡೆದಾಗ, ಹಬ್ಬ ಮುಗಿದ ಮರುವಾರ ಯಾರ ಬದುಕಿನಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಪಾಲನಾ ಸಮಿತಿಯ ಬಳಿ ಫೋಟೋಗಳಿರುತ್ತವೆಯೇ ಹೊರತು ಉತ್ತರವಿರುವುದಿಲ್ಲ. ಆದ್ದರಿಂದ ಈ ಬರಹದ ಸಲಹೆ ಒಂದೇ: ಒಂದು ತಪಸ್ಸುಕಾಲಕ್ಕೆ ಒಂದೇ ಸೇವೆಯನ್ನು ಆರಿಸಿಕೊಳ್ಳಿ, ಅದನ್ನು ಏಳು ವಾರವೂ ಬಿಡದೆ ನಡೆಸಿ, ಉಪವಾಸದಿಂದ ಉಳಿದದ್ದೂ ಪ್ರಾರ್ಥನೆಯಲ್ಲಿ ನೆನೆದದ್ದೂ ಅದೇ ಸೇವೆಯತ್ತ ಹರಿಯುವಂತೆ ನೋಡಿಕೊಳ್ಳಿ. ವಿಭೂತಿ ಬುಧವಾರದಂದು ಓದುವ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯ ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅವುಗಳನ್ನು ಮೂರು ಸಂಘಗಳಿಗೆ ಹಂಚಿಕೊಟ್ಟವರು ನಾವು.

ಮೊದಲು ಕ್ಯಾಲೆಂಡರ್ ನೋಡಬೇಕು. 2027ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 10ರಂದು, ಗರಿಗಳ ಭಾನುವಾರ ಮಾರ್ಚ್ 21ರಂದು ಮತ್ತು ಪಾಸ್ಖ ಹಬ್ಬ ಮಾರ್ಚ್ 28ರಂದು ಬರುತ್ತದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದು ಬಿಡುವಿನ ಕಾಲವಲ್ಲ. ರೊಬಸ್ಟಾ ಕೊಯ್ಲು ಇನ್ನೂ ಮುಗಿದಿರುವುದಿಲ್ಲ, ಕಾಳುಮೆಣಸಿನ ಕೆಲಸ ಜೋರಾಗಿರುತ್ತದೆ, ಸ್ಪ್ರಿಂಕ್ಲರ್ ಹಾಕಿದವರು ಹಗಲು ರಾತ್ರಿ ಪಂಪಿನ ಹಿಂದೆ ಇರುತ್ತಾರೆ, ಮಕ್ಕಳಿಗೆ ಪರೀಕ್ಷೆ ಹತ್ತಿರವಾಗಿರುತ್ತದೆ. ಬೆಂಗಳೂರಿನ ಧರ್ಮಕೇಂದ್ರವೊಂದರ ಕಾರ್ಯಪಟ್ಟಿಯನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಿದರೆ ಬರುವವರು ನಿವೃತ್ತರು ಮಾತ್ರ. ಯಾರಿಗೆ ಯಾವ ದಿನ ಬಿಡುವು ಎಂಬುದನ್ನು ವಾರ್ಡ್‌ವಾರು ಕೇಳಿ ಬರೆದುಕೊಳ್ಳುವ ಕೆಲಸ ಜನವರಿಯಲ್ಲೇ ಆಗಬೇಕು.

ಅದೇ ಸಭೆಯಲ್ಲಿ ಅಗತ್ಯಗಳ ಪಟ್ಟಿಯನ್ನೂ ತಯಾರಿಸಬಹುದು. ಸಾಮಾನ್ಯವಾಗಿ ನಾವು ತಲೆಕೆಳಗಾಗಿ ಹೊರಡುತ್ತೇವೆ. ಮೊದಲು ಹಳೆ ಬಟ್ಟೆ, ಅಕ್ಕಿ, ಕಂಬಳಿ ಸಂಗ್ರಹಿಸಿ, ಆಮೇಲೆ ಯಾರಿಗೆ ಕೊಡುವುದೆಂದು ಹುಡುಕುತ್ತೇವೆ. ಬದಲಿಗೆ ಪ್ರತಿ ವಾರ್ಡಿಗೆ ಒಂದು ನೋಟ್‌ಬುಕ್ ಕೊಟ್ಟು, ವಾರ್ಡಿನ ಮುಖಂಡರಾದ ಗುರಿಕಾರರು, ಕಾನ್ವೆಂಟಿನ ಸಿಸ್ಟರ್, ಆ ಭಾಗದ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಶಿಕ್ಷಕಿ ಇವರನ್ನು ವಿಚಾರಿಸಿ, ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು, ಪಿಂಚಣಿ ನಿಂತವರು, ಶಾಲೆ ಬಿಟ್ಟ ಮಕ್ಕಳು ಯಾರು ಎಂದು ಮನೆಮನೆಯ ಲೆಕ್ಕದಲ್ಲಿ ಬರೆಯಬೇಕು. ಕ್ರೈಸ್ತರಲ್ಲದವರ ಹೆಸರೂ ಆ ಪಟ್ಟಿಯಲ್ಲಿರಬೇಕು. ಇದು ಹೊಸ ಉದಾರತೆಯೇನಲ್ಲ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯಗಾರರ ನೆಲೆಯನ್ನು ಕಟ್ಟಿದ ಫ್ರೆಂಚ್ ಗುರು ಅಬ್ಬೆ ದುಬ್ವಾ, ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದ್ದರು. ಸಿಡುಬು ಯಾರ ಜ್ಞಾನಸ್ನಾನದ (ದೀಕ್ಷಾಸ್ನಾನದ) ಪತ್ರವನ್ನೂ ಕೇಳುತ್ತಿರಲಿಲ್ಲ.

ಪಟ್ಟಿ ಕೈಗೆ ಬಂದ ಮೇಲೆ ಯಾವ ಕೆಲಸವನ್ನು ಆರಿಸಬೇಕು? ತೋಟದ ಸೀಮೆಯ ಧರ್ಮಕೇಂದ್ರಗಳಿಗೆ ನಾನು ಹೇಳುವುದು ಕಾಗದಪತ್ರದ ಕೆಲಸ. ಕೇಳಲು ನೀರಸ, ಫೋಟೋಗೆ ಒಗ್ಗುವುದೂ ಇಲ್ಲ. ಆದರೆ ಐದು ಕಿಲೋ ಅಕ್ಕಿಯ ಪೊಟ್ಟಣ ಒಂದು ವಾರ ನಡೆದರೆ, ಸರಿಯಾದ ಪಡಿತರ ಚೀಟಿ ವರ್ಷವಿಡೀ ನಡೆಯುತ್ತದೆ. ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯ ಮುದುಕಿಯೊಬ್ಬರು ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುವುದನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಬೇಕು: ನಲವತ್ತು ವರ್ಷ ಕಾಫಿ ಹಣ್ಣು ಬಿಡಿಸಿ, ಮೆಣಸು ಉದುರಿಸಿ ಸವೆದ ಬೆರಳಿಗೆ ರೇಖೆಗಳೇ ಉಳಿದಿರುವುದಿಲ್ಲ. ಅವರು ಸೆರಗಿನಲ್ಲಿ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾರೆ, ಯಂತ್ರ ಮತ್ತೆ ಕೆಂಪು ದೀಪ ತೋರಿಸುತ್ತದೆ, ಹಿಂದಿನ ಸಾಲಿನವರು ಗೊಣಗುತ್ತಾರೆ. ಅಂಥವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ನವೀಕರಿಸಿ, ಮೊಬೈಲ್ ಸಂಖ್ಯೆಯನ್ನು ಜೋಡಿಸಿಕೊಟ್ಟು, ಪಡಿತರ ಚೀಟಿಯ ಇ-ಕೆವೈಸಿ (ಗುರುತಿನ ದೃಢೀಕರಣ) ಮುಗಿಸಿಕೊಡುವುದು ಒಬ್ಬ ಸ್ವಯಂಸೇವಕರಿಗೆ ಎರಡು ಅರ್ಧ ದಿನಗಳ ಕೆಲಸ. ಅವರಾಗಿಯೇ ಹೋದರೆ ಎರಡು ದಿನದ ಕೂಲಿ, ಬಸ್ ಚಾರ್ಜು ಮತ್ತು ‘ನಾಳೆ ಬಾ’ ಎಂಬ ಮಾತು.

ಪಿಂಚಣಿಯದೂ ಇದೇ ಕಥೆ. ಅರವತ್ತೈದು ದಾಟಿದವರಿಗೆ ಸಂಧ್ಯಾ ಸುರಕ್ಷಾ, ಗಂಡನನ್ನು ಕಳೆದುಕೊಂಡವರಿಗೆ ವಿಧವಾ ವೇತನ, ಅಂಗವಿಕಲರಿಗೆ ಮಾಸಾಶನ ಇವೆ ಎಂದು ಎಲ್ಲರಿಗೂ ಗೊತ್ತು. ಅರ್ಜಿಯನ್ನು ನಾಡಕಚೇರಿಗೆ ಕೊಡಬೇಕು, ಆದಾಯ ಪತ್ರ ಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಅಥವಾ ಅಂಚೆ ಖಾತೆ ಬೇಕು ಎಂಬಲ್ಲಿಗೆ ಕಾಲು ಸೋಲುತ್ತದೆ. ಖಾತೆಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ತಾಳೆಯಾಗದಿರುವುದು ನಮ್ಮವರಲ್ಲಿ ತುಸು ಹೆಚ್ಚು. ಒಂದರಲ್ಲಿ ಜ್ಞಾನಸ್ನಾನದ ಹೆಸರು, ಇನ್ನೊಂದರಲ್ಲಿ ಮನೆಯಲ್ಲಿ ಕರೆಯುವ ಹೆಸರು, ಮೂರನೆಯದರಲ್ಲಿ ಮನೆತನದ ಹೆಸರು ಬರೆದವರಿಗೆ ತೋಚಿದಂತೆ. ಕಂಪ್ಯೂಟರ್ ಬಲ್ಲ ಇಬ್ಬರು ಯುವಕರು, ಕಚೇರಿಯ ನಡೆ ಬಲ್ಲ ಒಬ್ಬ ನಿವೃತ್ತ ಶಿಕ್ಷಕರು ಅಥವಾ ಗುಮಾಸ್ತರು ಸೇರಿ, ವಾರಕ್ಕೊಂದು ಸಂಜೆ ಚರ್ಚ್ ಹಾಲಿನಲ್ಲಿ ಮೇಜು ಹಾಕಿ ಕುಳಿತರೆ, ಏಳು ವಾರಗಳಲ್ಲಿ ಒಂದು ಚಿಕ್ಕ ಧರ್ಮಕೇಂದ್ರದ ಬಹುಪಾಲು ಕಡತಗಳು ದಾರಿಗೆ ಬರುತ್ತವೆ.

ಕೊಯ್ಲಿಗೆಂದು ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದ ಕಾರ್ಮಿಕರನ್ನು ಮರೆಯಬಾರದು. ಊರಿನ ಪಡಿತರ ಚೀಟಿ ಇದ್ದು ಆಧಾರ್ ಜೋಡಣೆಯಾಗಿದ್ದರೆ, ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಅವರು ಇಲ್ಲಿಯ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು. ಇದನ್ನು ಅವರಿಗೆ ಹಿಂದಿಯಲ್ಲಿ ತಿಳಿಸಿ ಹೇಳುವ ಒಬ್ಬರು ಸಾಕು. ಜಾರ್ಖಂಡಿನಿಂದ ಬಂದವರಲ್ಲಿ ಕಥೋಲಿಕರೂ ಇರುತ್ತಾರೆ. ಭಾನುವಾರದ ಬಲಿಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಹೋಗುವ ಅವರಿಗಾಗಿ ಒಂದು ವಾಚನವನ್ನಾದರೂ ಹಿಂದಿಯಲ್ಲಿ ಓದಿಸಿದರೆ ಗುರುಗಳಿಗೆ ಹೆಚ್ಚಿನ ಶ್ರಮವೇನೂ ಆಗದು.

ಇನ್ನು ಉಪವಾಸ. ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಕಡ್ಡಾಯ ಉಪವಾಸದ ದಿನಗಳು. ಹದಿನೆಂಟು ತುಂಬಿದವರಿಂದ ಹಿಡಿದು ಐವತ್ತೊಂಬತ್ತು ತುಂಬುವವರೆಗಿನವರಿಗೆ ಇದು ಅನ್ವಯಿಸುತ್ತದೆ. ಆ ದಿನ ಒಂದು ಪೂರ್ತಿ ಊಟ ಮಾಡಿ, ಎರಡು ಸಲ ಅಲ್ಪಾಹಾರ ಸೇವಿಸುವುದು ವಾಡಿಕೆ. ಆ ಎರಡು ದಿನಗಳ ಮತ್ತು ಶುಕ್ರವಾರಗಳ ಮಾಂಸವರ್ಜನೆ ಹದಿನಾಲ್ಕು ತುಂಬಿದವರಿಗೆಲ್ಲ ಇದೆ. ಕಾಯಿಲೆಯವರು, ಗರ್ಭಿಣಿಯರು, ಮೈಮುರಿದು ದುಡಿಯುವವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಬಿಸಿಲಲ್ಲಿ ಏಣಿ ಹತ್ತಿ ಮೆಣಸು ಕೊಯ್ಯುವವರಿಗೆ ಉಪವಾಸ ಮಾಡಿ ಎಂದು ಹೇಳುವುದು ಅಪಾಯವೂ ಹೌದು. ಒಂದು ವಿಶೇಷವನ್ನು ಪ್ರಕಟಣೆಯಲ್ಲಿ ಮುಂಚಿತವಾಗಿ ತಿಳಿಸಿದರೆ ಗೊಂದಲ ತಪ್ಪುತ್ತದೆ: ಸಂತ ಜೋಸೆಫರ ಮಹೋತ್ಸವವಾದ ಮಾರ್ಚ್ 19, 2027ರಲ್ಲಿ ಶುಕ್ರವಾರವೇ ಬರುವುದರಿಂದ ಅಂದು ಮಾಂಸವರ್ಜನೆಯ ಕಟ್ಟಳೆ ಇರುವುದಿಲ್ಲ. ಚಿಕ್ಕಮಗಳೂರಿನ ಪ್ರಧಾನಾಲಯ (ಕ್ಯಾಥೆಡ್ರಲ್) ಸಂತ ಜೋಸೆಫರ ಹೆಸರಿನದೇ ಆದ್ದರಿಂದ ಈ ಪ್ರಶ್ನೆಯನ್ನು ಖಂಡಿತ ಯಾರಾದರೂ ಕೇಳುತ್ತಾರೆ.

ಶುಕ್ರವಾರ ಮೀನು ತಿನ್ನಬಹುದು ಎಂಬುದು ನಿಯಮ. ಆದರೆ ಚಾರ್ಮಾಡಿ ಘಾಟಿ ಹತ್ತಿ ಬಂದ ಅಂಜಲ್ ಮೀನಿಗೆ ಕೋಳಿಯ ಮೂರು ಪಟ್ಟು ಕೊಟ್ಟು ತಂದು ಹುರಿದು ಉಂಡರೆ, ಕಾನೂನು ಪಾಲನೆಯಾದರೂ ಉಳಿತಾಯವಾಗುವುದಿಲ್ಲ, ಉಳಿತಾಯವಾಗದೆ ದಾನಕ್ಕೆ ಏನೂ ಇರುವುದಿಲ್ಲ. ಇದಕ್ಕೆ ಗಂಜಿಯ ಶುಕ್ರವಾರ ಒಳ್ಳೆಯ ಉಪಾಯ. ಶಿಲುಬೆ ಹಾದಿ ಮುಗಿದ ಮೇಲೆ ಹಾಲಿನಲ್ಲಿ ಎಲ್ಲರಿಗೂ ಕುಸುಬಲಕ್ಕಿ ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ. ನೂರು ಜನಕ್ಕೆ ಏಳೆಂಟು ಕಿಲೋ ಅಕ್ಕಿ ಧಾರಾಳ. ಅಕ್ಕಿ ಬೇಯಲು ಒಂದು ಗಂಟೆಗೂ ಮಿಕ್ಕಿ ಬೇಕಾಗುವುದರಿಂದ ಪ್ರಾರ್ಥನೆ ಆರಂಭವಾಗುವ ಮುನ್ನವೇ ಒಲೆ ಹಚ್ಚಬೇಕು, ಮತ್ತು ಒಲೆಯ ಮುಂದೆ ವಾರವಾರವೂ ಅದೇ ನಾಲ್ವರು ಹೆಂಗಸರೇ ನಿಲ್ಲದಂತೆ ಗಂಡಸರ ಸರದಿಯನ್ನೂ ಹಾಕಬೇಕು. ಮನೆಯಲ್ಲಿ ಅಂದಿನ ರಾತ್ರಿಯ ಅಡುಗೆಗೆ ಆಗುತ್ತಿದ್ದ ಖರ್ಚನ್ನು ಕುಟುಂಬದವರು ಹುಂಡಿಗೆ ಹಾಕಲಿ. ಎಷ್ಟು ಎಂದು ಯಾರೂ ಕೇಳಬಾರದು. ಅನ್ನಕ್ಕಿಡುವಾಗ ದಿನಕ್ಕೊಂದು ಮುಷ್ಟಿ ಅಕ್ಕಿ ತೆಗೆದಿಡುವ ಹಳೆಯ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಹಣ ಹಾಕಲಾಗದವರೂ ಕೊಡುವವರ ಸಾಲಿನಲ್ಲಿ ನಿಲ್ಲಲು ಅದೊಂದು ದಾರಿ.

ಶಿಲುಬೆ ಹಾದಿಯನ್ನು ತೋಟದ ರಸ್ತೆಗಳಲ್ಲಿ, ಹದಿನಾಲ್ಕು ಸ್ಥಳಗಳಿಗೆ ಹದಿನಾಲ್ಕು ಮನೆಗಳೆಂದು ಹಂಚಿ ನಡೆಸುವುದಾದರೆ, ಪಟ್ಟಿಯಲ್ಲಿರುವ ಹಾಸಿಗೆ ಹಿಡಿದವರ ಮನೆಗಳನ್ನೇ ಆರಿಸಬಹುದು. ಆದರೆ ಸಮಯದ ವಿಷಯದಲ್ಲಿ ಹಟ ಬೇಡ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗಗಳಲ್ಲಿ ಆನೆಗಳು ಸಂಜೆಯಾಗುತ್ತಲೇ ತೋಟಕ್ಕಿಳಿಯುತ್ತವೆ. ಆರೂವರೆಗೆ ಹೊರಡುವ ಪ್ರಾರ್ಥನೆಯನ್ನು ನಾಲ್ಕೂವರೆಗೆ ತಂದು ಬೆಳಕಿರುವಾಗಲೇ ಮುಗಿಸಬೇಕು, ಅರಣ್ಯ ಇಲಾಖೆಯ ಅಂದಿನ ಸಂದೇಶವನ್ನು ನೋಡಿಯೇ ಹೊರಡಬೇಕು, ಅನುಮಾನವಿದ್ದರೆ ಚರ್ಚಿನೊಳಗೇ ನಡೆಸಬೇಕು. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಇದು ಮಂಗನ ಕಾಯಿಲೆಯ ಕಾಲವೂ ಹೌದು. ಕಾಡಂಚಿನ ಮನೆಗಳಿಗೆ ಹೋಗುವ ಸ್ವಯಂಸೇವಕರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ಈ ಕಾಯಿಲೆ ಹರಡುವ ಉಣ್ಣೆ (ಉಣುಗು) ಹುಳುಗಳ ನಿವಾರಕ ಎಣ್ಣೆ ಹಚ್ಚಿಕೊಂಡು, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಕಾಗದಪತ್ರದ ಬದಲು ಬೇರೆ ಕೆಲಸವನ್ನು ಆರಿಸುವವರಿಗೂ ಕೆಲವು ಮಾತು. ರಕ್ತದಾನ ಶಿಬಿರವನ್ನು ಶುಭ ಶುಕ್ರವಾರವೇ ಇಡುವ ಹುಮ್ಮಸ್ಸು ಹಲವು ಯುವ ಸಂಘಗಳಿಗಿದೆ. ಅರ್ಥ ಒಳ್ಳೆಯದು, ದಿನ ತಪ್ಪು. ರಕ್ತ ಕೊಡುವವರು ಹೊಟ್ಟೆ ತುಂಬ ಉಂಡಿರಬೇಕು. 2027ರಲ್ಲಿ ರಂಜಾನ್ ಉಪವಾಸವೂ ಹೆಚ್ಚುಕಡಿಮೆ ಫೆಬ್ರವರಿ ಎರಡನೆಯ ವಾರದಿಂದ ಮಾರ್ಚ್ ಎರಡನೆಯ ವಾರದವರೆಗೆ ಇರುವುದರಿಂದ, ನೆರೆಯ ಮುಸ್ಲಿಂ ಯುವಕರೂ ಬರಬೇಕೆಂದಿದ್ದರೆ ಮಾರ್ಚ್ 14ರ ಭಾನುವಾರ ಸೂಕ್ತ. ಪರವಾನಗಿಯುಳ್ಳ ರಕ್ತನಿಧಿಯವರನ್ನೇ ಕರೆಸಬೇಕು. ಗಂಡಸರು ಹಿಂದಿನ ಸಲ ಕೊಟ್ಟು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಳೆದಿರಬೇಕು.

ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಗಳಿಗಿಂತ ಅವರ ಜೊತೆಗಿರುವವರಿಗೆ ಬಿಸಿನೀರು, ಊಟ, ಔಷಧ ತರುವ ಒಂದು ಜೊತೆ ಕಾಲು ಹೆಚ್ಚು ಉಪಕಾರಿ. ಅಧೀಕ್ಷಕರ ಅನುಮತಿ ಮೊದಲು ಪಡೆಯಿರಿ, ಹಣ್ಣಿನ ಬುಟ್ಟಿ ಬೇಡ. ಹೇಮಾವತಿ ಹಿನ್ನೀರಿನಲ್ಲಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಸುತ್ತ ಪ್ರವಾಸಿಗರು ಬಿಸಾಡಿದ ಪ್ಲಾಸ್ಟಿಕ್ ಹೆಕ್ಕುವುದು ಹಾಸನದ ಯುವಜನರಿಗೆ ಒಂದು ಬೆಳಗಿನ ಕೆಲಸವಾದೀತು. ಗೋಡೆಗಳು ಶಿಥಿಲವಾಗಿರುವುದರಿಂದ ಅವುಗಳ ಅಡಿಯಲ್ಲಿ ನಿಲ್ಲುವುದು ಬೇಡ.

ಯಾವ ಸೇವೆಯನ್ನೇ ಕೈಗೊಂಡರೂ ಎರಡು ಎಚ್ಚರಗಳಿವೆ. ಸಹಾಯ ಪಡೆದವರನ್ನು ನಿಲ್ಲಿಸಿ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಎಂದು ಅದೇ ಬುಧವಾರ ಕೇಳಿಸಿಕೊಂಡಿರುತ್ತೇವೆ. ಎರಡನೆಯದಾಗಿ, ಸಹಾಯದ ಜೊತೆ ಪ್ರಾರ್ಥನೆಯ ಕರಪತ್ರವನ್ನಾಗಲಿ ಆಹ್ವಾನವನ್ನಾಗಲಿ ಸೇರಿಸಬೇಡಿ. ಈಗಿನ ಕಾಲದಲ್ಲಿ ಅದು ತಪ್ಪು ತಿಳಿವಳಿಕೆಗೆ ದಾರಿ ಮಾಡುತ್ತದೆ ಎಂಬುದಿರಲಿ, ಕೈಚಾಚಿದವರ ಮೇಲೆ ಋಣದ ಭಾರ ಹೊರಿಸುವುದೇ ಸರಿಯಲ್ಲ.

ಹುಂಡಿಯನ್ನು ಪವಿತ್ರ ವಾರದ ಆರಂಭದಲ್ಲಿ ಮೂವರ ಸಮ್ಮುಖದಲ್ಲಿ ತೆರೆದು ಎಣಿಸಬೇಕು. ಆ ಮೂವರಲ್ಲಿ ಒಬ್ಬರಾದರೂ ಪಾಲನಾ ಸಮಿತಿಯ ಹೊರಗಿನವರಾಗಿರಲಿ. ತಪಸ್ಸುಕಾಲದಲ್ಲಿ ಕಾರಿತಾಸ್ ಇಂಡಿಯಾ ನಡೆಸುವ ಹಸಿವು ಮತ್ತು ರೋಗ ವಿರೋಧಿ ಅಭಿಯಾನಕ್ಕೆಂದು ಸಂಗ್ರಹಿಸಿದ್ದನ್ನು ಬೇರೆಯಾಗಿಟ್ಟು ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಿ, ಸ್ಥಳೀಯ ಸೇವೆಯ ಹಣದ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕಬೇಕು. ಎಷ್ಟು ಬಂತು, ಯಾವ ಬಾಬ್ತಿಗೆ ಎಷ್ಟು ಹೋಯಿತು ಎಂಬುದಿರಲಿ, ಫಲಾನುಭವಿಗಳ ಹೆಸರು ಬೇಡ. ಪಿಂಚಣಿ ಅರ್ಜಿಗಳು ಹಬ್ಬದ ದಿನಾಂಕ ನೋಡಿ ಮಂಜೂರಾಗುವುದಿಲ್ಲ. ಬಾಕಿ ಉಳಿದ ಕಡತಗಳನ್ನು ಸ್ವೀಕೃತಿ ಸಂಖ್ಯೆಯ ಸಮೇತ ನೋಟ್‌ಬುಕ್‌ನಲ್ಲಿ ಬರೆದು ಇಬ್ಬರಿಗೆ ಒಪ್ಪಿಸಿ, ಮಳೆ ಹಿಡಿದು ರಸ್ತೆ ಕೆಡುವ ಜೂನ್‌ಗೆ ಮುಂಚೆ ನಾಡಕಚೇರಿಗೆ ಇನ್ನೊಂದು ಸುತ್ತು ಹೋಗಿಬರುವಂತೆ ದಿನ ಗೊತ್ತುಮಾಡಿಡಿ.